ಪಿ0171: ನೀರ್ಚಾಲು ಬಳಿಯ ಒಂದು ತೋಟದ ಮನೆಗೆ ಸ್ಕ್ಯಾನರ್ ಆರಿಸಿದ ಪ್ರಕರಣ

ಸನ್ನಿವೇಶ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಲ್ಲಿ ನೀರ್ಚಾಲಿನ ಸಮೀಪ ಒಳಗೆ ತಿರುಗಿದರೆ, ಮುರಕಲ್ಲಿನ ದರೆ ಕಡಿದು ಮಾಡಿದ ಕಿರುದಾರಿಯ ಕೊನೆಯಲ್ಲಿ ನನ್ನ ಭಾವನ ಮನೆಯೂ ಅಡಿಕೆ ತೋಟವೂ ಇವೆ. ಮನೆಯಲ್ಲಿ ವಾಹನಗಳು ಎರಡು. ಒಂದು 2018ರ ಸಣ್ಣ ಪೆಟ್ರೋಲ್ ಕಾರು. ಪೇಟೆಗೆ, ಮಂಗಳೂರಿನ ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಿಬರುವುದು ಅದರಲ್ಲಿ. ಇನ್ನೊಂದು 2009ರ ಡೀಸೆಲ್ ಜೀಪು. ಗೊಬ್ಬರವನ್ನೂ ಅಡಿಕೆ ಮೂಟೆಗಳನ್ನೂ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತು, ಸುಣ್ಣದ ಚೀಲಗಳನ್ನೂ ಹೊರುವುದು ಅದರ ಕೆಲಸ. ಎರಡಕ್ಕೂ ಕೆಎಲ್-14ರ ಸಂಖ್ಯೆ. ಎಣ್ಣೆ ಬದಲಾಯಿಸುವುದು, ಏರ್ ಫಿಲ್ಟರ್ ಕೊಡವುವುದು, ಬ್ರೇಕ್ ಪ್ಯಾಡ್ ಹಾಕುವುದು ಮುಂತಾದ ಕೆಲಸಗಳನ್ನು ಭಾವ ಮೊದಲಿನಿಂದಲೂ ಅಂಗಳದಲ್ಲಿಯೇ ಮಾಡಿಕೊಳ್ಳುವವರು. ಅವರ ಕೈಗೆ ಸಿಗದೆ ಉಳಿದದ್ದು ಡ್ಯಾಶ್‌ಬೋರ್ಡಿನ ಹಳದಿ ದೀಪ ಮಾತ್ರ.

2025ರ ಆಟಿ ತಿಂಗಳ ಮಳೆಯಲ್ಲಿ ಕಾರಿನ ಎಂಜಿನ್ ದೀಪ ಹೊತ್ತಿಕೊಂಡಿತು. ಓಟದಲ್ಲಿ ಹೇಳಿಕೊಳ್ಳುವಂತಹ ತೊಂದರೆ ಇರಲಿಲ್ಲ. ಪೆಟ್ರೋಲ್ ಮಾತ್ರ ಸ್ವಲ್ಪ ಹೆಚ್ಚು ಕುಡಿಯುತ್ತಿತ್ತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಸಿಕ್ಕಿಸಿ ದೋಷದ ಕೋಡ್ ಓದಿ ದೀಪ ಆರಿಸಿಕೊಟ್ಟರು. ಹನ್ನೆರಡು ದಿನಗಳಲ್ಲಿ ಅದು ಮತ್ತೆ ಹೊತ್ತಿತು, ಅವರು ಮತ್ತೆ ಆರಿಸಿದರು. ಮೂರನೆಯ ಸಲ ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಾಯಿಸಲು 4,500 ರೂಪಾಯಿ ಆಗುತ್ತದೆ ಎಂದರು. ಕೋಡ್ ಯಾವುದು ಎಂದು ಭಾವ ಕೇಳಿದಾಗ ಚೀಟಿಯ ಹಿಂದೆ ಪಿ0171 ಎಂದು ಬರೆದುಕೊಟ್ಟರು. ಆ ಚೀಟಿಯನ್ನು ಹಿಡಿದುಕೊಂಡು ಅವರು ನನ್ನಲ್ಲಿಗೆ ಬಂದು, ಮನೆಗೇ ಒಂದು ಸ್ಕ್ಯಾನರ್ ತೆಗೆದುಕೊಳ್ಳುವುದಾದರೆ ಯಾವುದನ್ನು ತೆಗೆದುಕೊಳ್ಳಬಹುದು ಎಂದು ಕೇಳಿದರು. ಕನ್ನಡ ಮಾಧ್ಯಮ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವವನು ನಾನು. ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಆದರೂ ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ನಮ್ಮಿಬ್ಬರಿಗೂ ಎರಡು ತಿಂಗಳು ಹಿಡಿಯಿತು, ಒಂದು ತಪ್ಪು ಖರೀದಿಯೂ ಆಯಿತು. ಅದರ ಪೂರ್ಣ ವಿವರ ಇಲ್ಲಿದೆ.

ಕೋಡ್ ಹೇಳುವುದು ಎಷ್ಟು

ಪಿ0171 ಎಂದರೆ ಮೊದಲ ಬ್ಯಾಂಕಿನ (ಸಿಲಿಂಡರುಗಳ ಸಾಲಿನ) ಮಿಶ್ರಣದಲ್ಲಿ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿದೆ ಎಂದು ಇಸಿಯು, ಅಂದರೆ ಎಂಜಿನಿನ ಕಂಪ್ಯೂಟರ್, ಭಾವಿಸಿದೆ ಎಂದರ್ಥ. ಭಾವಿಸಿದೆ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಸಿಲಿಂಡರಿನ ಒಳಗೆ ಏನಿದೆ ಎಂಬುದು ಇಸಿಯುಗೆ ನೇರವಾಗಿ ತಿಳಿಯುವುದಿಲ್ಲ. ಹೊಗೆಯ ದಾರಿಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಆಮ್ಲಜನಕ ಹೆಚ್ಚಿದೆ ಎಂದು ಹೇಳಿದಾಗ ಅದು ಇಂಧನವನ್ನು ಹೆಚ್ಚಿಸುತ್ತಾ ಹೋಗುತ್ತದೆ, ಹೀಗೆ ಹೆಚ್ಚಿಸಿದ ಪ್ರಮಾಣವು ತನಗೆ ಹಾಕಿಕೊಟ್ಟ ಮಿತಿಯನ್ನು ದಾಟಿ ಹಾಗೆಯೇ ಉಳಿದರೆ ದೀಪ ಹೊತ್ತಿಸುತ್ತದೆ. ಆದುದರಿಂದ ಇದೇ ಕೋಡಿಗೆ ಇಂಧನ ಪಂಪಿನ ಸುಸ್ತು ಕಾರಣವಿರಬಹುದು, ಕಟ್ಟಿಕೊಂಡ ಫಿಲ್ಟರ್ ಇರಬಹುದು, ಎಲ್ಲಿಂದಲೋ ನುಸುಳುವ ಗಾಳಿ ಇರಬಹುದು, ಸೆನ್ಸರ್ ಕೂಡ ಇರಬಹುದು. ಜ್ವರ ಎಂದು ಬರೆದ ಚೀಟಿಯನ್ನು ನೋಡಿ ಮಲೇರಿಯಾಕ್ಕೆ ಔಷಧ ಕೊಡಲಾಗದಂತೆಯೇ, ಈ ಕೋಡನ್ನು ಮಾತ್ರ ನೋಡಿ ಸೆನ್ಸರನ್ನು ಬದಲಾಯಿಸಲಾಗದು.

ವರ್ಕ್‌ಶಾಪಿನವರು ಎರಡು ಸಲ ದೀಪ ಆರಿಸಿದ್ದರಿಂದ ಇನ್ನೊಂದು ನಷ್ಟವೂ ಆಗಿತ್ತು. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನಿನ ವೇಗ, ಬಿಸಿ, ಭಾರ, ಇಂಧನದ ತಿದ್ದುಪಡಿ ಎಷ್ಟೆಷ್ಟಿದ್ದವು ಎಂಬ ಒಂದು ದಾಖಲೆಯನ್ನು ಇಸಿಯು ಎತ್ತಿಟ್ಟುಕೊಳ್ಳುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸುವ ಆಜ್ಞೆಯು ಆ ದಾಖಲೆಯನ್ನೂ ಅಳಿಸುತ್ತದೆ. ಮೂರನೆಯ ಸಲ ದೀಪ ಹೊತ್ತಿದ ಮೇಲೆ ಯಾರೂ ಅದನ್ನು ಆರಿಸಕೂಡದು ಎಂದು ನಾವು ನಿಶ್ಚಯಿಸಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಮೊದಲ ಖರೀದಿ

ಭಾವನ ಮಗ ಬೆಂಗಳೂರಿನಲ್ಲಿ ಓದುತ್ತಿರುವವನು. ಅವನು 480 ರೂಪಾಯಿಗೆ ಒಂದು ಬ್ಲೂಟೂತ್ ಅಡಾಪ್ಟರನ್ನು ತರಿಸಿಕೊಟ್ಟ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ನೀಲಿ ಪ್ಲಾಸ್ಟಿಕ್ಕಿನ ವಸ್ತು, ಮೇಲೆ ಇಎಲ್‌ಎಂ327 ಎಂಬ ಅಚ್ಚು. ಈ ಹೆಸರಿನ ಕಥೆ ತಿಳಿದಿರುವುದು ಕೊಳ್ಳುವವರಿಗೆ ಒಳ್ಳೆಯದು. ಇಎಲ್‌ಎಂ327 ಎಂಬುದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 2005ರಲ್ಲಿ ಹೊರತಂದ ಒಂದು ಚಿಪ್ಪು. ವಾಹನದ ಒಳಗಿನ ಬೇರೆ ಬೇರೆ ಭಾಷೆಗಳನ್ನು ಕಂಪ್ಯೂಟರಿಗೆ ಅರ್ಥವಾಗುವ ಸರಳ ಅಕ್ಷರಗಳಿಗೆ ತಿರುಗಿಸುವ ದುಭಾಷಿ. ಅದರ ಮೊದಲ ಆವೃತ್ತಿಯ ತಂತ್ರಾಂಶಕ್ಕೆ ನಕಲು ತಡೆಯುವ ಬೀಗ ಹಾಕಿರಲಿಲ್ಲವಾದ್ದರಿಂದ ನಕಲುಗಳು ಮಾರುಕಟ್ಟೆಯನ್ನು ತುಂಬಿಕೊಂಡವು. 1.5 ಎಂಬ ಆವೃತ್ತಿಯನ್ನು ಮೂಲ ಸಂಸ್ಥೆ ಹೊರತಂದದ್ದೇ ಇಲ್ಲ. ಆದರೂ ಆ ಸಂಖ್ಯೆ ಹೊತ್ತ ಅಡಾಪ್ಟರುಗಳಿಗೆ ಬರವಿಲ್ಲ. 2022ರಲ್ಲಿ ಎಲ್ಮ್ ಸಂಸ್ಥೆಯೇ ಬಾಗಿಲು ಮುಚ್ಚಿತು. ಹೀಗಾಗಿ ಇಂದು ಅಗ್ಗದ ಅಡಾಪ್ಟರಿನ ಮೇಲೆ ಕಾಣುವ ಇಎಲ್‌ಎಂ327 ಎಂಬ ಬರಹವು ತಯಾರಕರ ಹೆಸರನ್ನಾಗಲಿ ಗುಣಮಟ್ಟವನ್ನಾಗಲಿ ಸೂಚಿಸುವುದಿಲ್ಲ. ನಮ್ಮದು ತನ್ನನ್ನು 2.1 ಎಂದು ಪರಿಚಯಿಸಿಕೊಂಡಿತು. 2.1ಕ್ಕೆ ತಿಳಿದಿರಬೇಕಾದ ಹಲವು ಆಜ್ಞೆಗಳಿಗೆ ಅದು ಉತ್ತರವಾಗಿ ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಕೊಟ್ಟಿತು.

ಕಾರಿನಲ್ಲಿ ಅದು ಮೂರು ಸಲಕ್ಕೆ ಒಮ್ಮೆ ಕೂಡಿಕೊಳ್ಳುತ್ತಿತ್ತು. ಕೂಡಿಕೊಂಡಾಗ ಪಿ0171 ತೋರಿಸಿತು. ಅಲ್ಲಿಗೆ ವರ್ಕ್‌ಶಾಪಿನವರು ಹೇಳಿದ್ದು ಸುಳ್ಳಲ್ಲ ಎಂದಾಯಿತು. ಬಳಿಕ ಆಕ್ಸಿಜನ್ ಸೆನ್ಸರಿನ ವೋಲ್ಟೇಜನ್ನು ಫೋನಿನಲ್ಲಿ ಗೆರೆಯಾಗಿ ನೋಡಿದೆವು. ಈ ಕಾರಿನಲ್ಲಿರುವುದು ಹಳೆಯ ಬಗೆಯ, ಕಿರುವ್ಯಾಪ್ತಿಯ ಸೆನ್ಸರು. ಮಿಶ್ರಣದಲ್ಲಿ ಇಂಧನ ಹೆಚ್ಚಿದ್ದರೆ 0.8 ಅಥವಾ 0.9 ವೋಲ್ಟ್, ಗಾಳಿ ಹೆಚ್ಚಿದ್ದರೆ 0.1ರ ಆಸುಪಾಸು, ಬಿಸಿಯಾದ ಎಂಜಿನಿನಲ್ಲಿ ಅದು ಇವೆರಡರ ನಡುವೆ ತೊಟ್ಟಿಲಿನಂತೆ ತೂಗುತ್ತಿರಬೇಕು. ನಮ್ಮ ಫೋನಿನಲ್ಲಿ ಗೆರೆ ತೂಗಲಿಲ್ಲ. ಹತ್ತು ಓದುಗಳಲ್ಲಿ ಏಳು 0.2 ವೋಲ್ಟಿಗಿಂತ ಕೆಳಗೇ ಬಿದ್ದಿದ್ದವು. ಸೆನ್ಸರ್ ಸತ್ತಿದೆ ಎಂದು ಭಾವ ತೀರ್ಮಾನಿಸಿದರು. ನಾನೂ ಒಪ್ಪಿಬಿಟ್ಟೆ. ಸೆನ್ಸರಿಗೆ ಆರ್ಡರ್ ಕೊಡುವುದಕ್ಕೆ ಒಂದು ರಾತ್ರಿ ಮಾತ್ರ ಬಾಕಿ ಇತ್ತು.

ಆ ರಾತ್ರಿ ನನಗೆ ತೋಚಿದ್ದು ತರಗತಿಯಲ್ಲಿ ನಾನೇ ಹೇಳುವ ಒಂದು ಸಂಗತಿ. ಸೆಕೆಂಡಿಗೆ ಒಂದೆರಡು ಸಲ ತೂಗುವ ವಸ್ತುವನ್ನು ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆದು ನೋಡಿದರೆ, ಅದು ತೂಗುತ್ತಿದೆ ಎಂಬುದೇ ತಿಳಿಯದೆ ಹೋಗಬಹುದು. ಕಣ್ಣು ತೆರೆದಾಗಲೆಲ್ಲ ಅದು ಒಂದೇ ಬದಿಯಲ್ಲಿದ್ದರೆ ನಿಂತೇ ಇದೆ ಎಂದು ತೋರುತ್ತದೆ. ಮರುದಿನ ಎಣಿಸಿ ನೋಡಿದೆವು. ಆ ಅಡಾಪ್ಟರ್ ಸೆಕೆಂಡಿಗೆ ಹೆಚ್ಚೆಂದರೆ ಮೂರು ಉತ್ತರಗಳನ್ನು ತರುತ್ತಿತ್ತು. ಪರದೆಯ ಮೇಲೆ ನಾವು ನಾಲ್ಕು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರಿಂದ ಸೆನ್ಸರಿನ ಸರದಿ ಬರುತ್ತಿದ್ದುದು ಸೆಕೆಂಡಿಗೆ ಒಮ್ಮೆಗಿಂತಲೂ ಕಡಿಮೆ. ಸತ್ತಂತೆ ಕಂಡದ್ದು ಸೆನ್ಸರಾಗಿರದೆ ಅದನ್ನು ನೋಡುತ್ತಿದ್ದ ಕಣ್ಣೂ ಆಗಿರಬಹುದಿತ್ತು.

ಅಗ್ಗದ ಉಪಕರಣ ಕೆಲಸ ಮಾಡದೇ ಇದ್ದಿದ್ದರೆ ನಾವು ಅದನ್ನು ಎಸೆದು ಸುಮ್ಮನಾಗುತ್ತಿದ್ದೆವು. ಅದು ಅರೆಬರೆ ಕೆಲಸ ಮಾಡಿ ತಪ್ಪು ತೀರ್ಮಾನಕ್ಕೆ ಸಾಕ್ಷಿ ಹೇಳಿತು.

ಜೀಪಿನಲ್ಲಿ ಅದು ಕೂಡಿಕೊಳ್ಳಲೇ ಇಲ್ಲ. ಇದರಲ್ಲಿ ಅಡಾಪ್ಟರಿನ ತಪ್ಪಿರಲಿಲ್ಲ.

ಸಾಕೆಟ್ ಒಂದೇ, ಒಳಗಿನ ಭಾಷೆ ಬೇರೆ

ಸ್ಟಿಯರಿಂಗಿನ ಕೆಳಗೆ, ಕ್ಲಚ್ ಕಾಲಿನ ಮೇಲ್ಭಾಗದಲ್ಲಿ ಹದಿನಾರು ಗುಳಿಗಳ ಸಾಕೆಟ್ ಇದ್ದರೆ ಆ ವಾಹನ ಓಬಿಡಿ-2 (ಯಾವ ಸ್ಕ್ಯಾನರಿಗೂ ದೋಷ ತಿಳಿಸಬಲ್ಲ ಸಾಮಾನ್ಯ ವ್ಯವಸ್ಥೆ) ಎಂಬ ನಂಬಿಕೆ ಎಲ್ಲೆಡೆ ಇದೆ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಓಬಿಡಿ-2 ಕಡ್ಡಾಯವಾಯಿತು, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ. ನಮ್ಮಲ್ಲಿ ಅದು ಬಂದದ್ದು ಭಾರತ್ ಸ್ಟೇಜ್ 4 ಎಂಬ ಹೊಗೆ ನಿಯಮದ ಬೆನ್ನು ಹಿಡಿದು: 2010ರ ಏಪ್ರಿಲಿನಿಂದ ಮೊದಲ ಹಂತ, 2013ರ ಏಪ್ರಿಲಿನಿಂದ ಎರಡನೆಯ ಹಂತ. ಭಾರತ್ ಸ್ಟೇಜ್ 4 ಇಡೀ ದೇಶಕ್ಕೆ ಅನ್ವಯವಾದದ್ದು 2017ರ ಏಪ್ರಿಲ್ 1ರಂದು. ಹಾಗಾಗಿ 2018ರ ಕಾರಿನ ವಿಷಯದಲ್ಲಿ ಸಂಶಯ ಬೇಕಿರಲಿಲ್ಲ. 2009ರ ಜೀಪು ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನದು. ಅದರಲ್ಲಿ ಸಾಕೆಟ್ ಇದೆ, ಆದರೆ ತಯಾರಕರು ತಮ್ಮ ಸರ್ವಿಸ್ ಕೇಂದ್ರಗಳಿಗೆಂದು ಇಟ್ಟುಕೊಂಡ ಭಾಷೆಯನ್ನು ಮಾತ್ರ ಅದು ಆಡುತ್ತದೆ.

ಉಪಕರಣ ಕೊಳ್ಳುವ ಮೊದಲು ಒಂದು ಟಾರ್ಚು ಹಿಡಿದು ಸಾಕೆಟಿನ ಒಳಗೆ ನೋಡುವುದು ಮೂರು ನಿಮಿಷದ ಕೆಲಸ. ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗಿನ ಸಾಲಿನಲ್ಲಿ 9ರಿಂದ 16. 4 ಮತ್ತು 5 ಭೂಸಂಪರ್ಕ, 16 ನೇರವಾಗಿ ಬ್ಯಾಟರಿಯ ಧನ ತುದಿ. 6 ಮತ್ತು 14ರಲ್ಲಿ ಲೋಹದ ನಾಲಿಗೆ ಕಂಡರೆ ಅಲ್ಲಿರುವುದು ಕ್ಯಾನ್ ಎಂಬ ಹೊಸ ಬಗೆಯ ಸಂಪರ್ಕ ಜಾಲ ಎಂದು ಬಹುಮಟ್ಟಿಗೆ ಹೇಳಬಹುದು. 7ರಲ್ಲಿ ಮಾತ್ರ ಕಂಡರೆ ಕೆ-ಲೈನ್ ಎಂಬ ಹಳೆಯ ಬಗೆಯ ಸಂಪರ್ಕ. ಭಾವನ ಕಾರಿನಲ್ಲಿ 6 ಮತ್ತು 14 ಹೊಳೆಯುತ್ತಿದ್ದವು. ಜೀಪಿನಲ್ಲಿ ಅವೆರಡೂ ಖಾಲಿ ಗುಳಿಗಳು, 7ರಲ್ಲಿ ಒಂದು ತಂತಿ. ಇಷ್ಟನ್ನು ಮೊದಲೇ ನೋಡಿಕೊಂಡಿದ್ದರೆ ಎರಡೂ ವಾಹನಗಳಿಗೆ ಸಲ್ಲುವ ಒಂದೇ ಉಪಕರಣ ಎಂಬ ಹುಡುಕಾಟದಲ್ಲಿ ಎರಡು ವಾರ ಕಳೆಯುತ್ತಿರಲಿಲ್ಲ.

ಎದುರಿದ್ದ ಆಯ್ಕೆಗಳು

ನಮ್ಮ ಮುಂದೆ ಇದ್ದದ್ದು ಸ್ಥೂಲವಾಗಿ ಮೂರು ದಾರಿ. ತಂತಿಯಿರುವ, ಪುಟ್ಟ ಪರದೆಯ ಕೈಸ್ಕ್ಯಾನರುಗಳು ಎರಡು ಸಾವಿರದ ಆಸುಪಾಸಿಗೆ ಸಿಗುತ್ತವೆ. ಫೋನ್ ಬೇಡ, ಬ್ಲೂಟೂತಿನ ಜಂಜಾಟ ಇಲ್ಲ, ಕೋಡ್ ಓದಿ ಅಳಿಸುವುದಕ್ಕೆ ಬಹಳ ನಂಬಿಕಸ್ಥ. ಅವುಗಳಲ್ಲಿ ಹಲವು ಲೈವ್ ಡೇಟಾ (ಓಡುವ ಎಂಜಿನಿನ ಆ ಕ್ಷಣದ ಅಂಕಿಗಳು) ತೋರಿಸುತ್ತವೆಯಾದರೂ ಒಂದು ಸಲಕ್ಕೆ ಕಾಣುವುದು ನಾಲ್ಕೈದು ಸಾಲು, ಗೆರೆಯಾಗಿ ನೋಡಿ ದಾಖಲಿಸಿಟ್ಟುಕೊಳ್ಳುವ ಸೌಕರ್ಯ ಕಡಿಮೆ. ಇನ್ನೊಂದು ತುದಿಯಲ್ಲಿ ಆಟೆಲ್, ಲಾಂಚ್ ಮುಂತಾದವರ ಟ್ಯಾಬ್ಲೆಟ್ ಮಾದರಿಗಳು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಸ್ಟಿಯರಿಂಗ್ ಹೀಗೆ ವಾಹನದ ಎಲ್ಲ ಮಾಡ್ಯೂಲುಗಳನ್ನೂ ಅವು ಓದುತ್ತವೆ. ಪಂಪನ್ನೋ ಫ್ಯಾನನ್ನೋ ಟ್ಯಾಬ್ಲೆಟಿನಿಂದಲೇ ಓಡಿಸಿ ನೋಡಬಹುದು, ಹೊಸ ಡೀಸೆಲ್ ಇಂಜೆಕ್ಟರಿನ ಸಂಖ್ಯೆಯನ್ನು ಇಸಿಯುಗೆ ಬರೆದುಕೊಡಬಹುದು. ನಮಗೆ ಹೊಂದುವಂತಹ ಮಾದರಿಗೆ 38,000 ರೂಪಾಯಿ ಹೇಳಿದರು. ಉಚಿತ ಅಪ್‌ಡೇಟ್ ಅವಧಿ ಮುಗಿದ ಮೇಲೆ ವರ್ಷವರ್ಷವೂ ಹಣ ಕಟ್ಟಬೇಕು ಎಂಬುದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ನಡುವಿನ ದಾರಿ ಎಂದರೆ ಒಳ್ಳೆಯ ಅಡಾಪ್ಟರ್ ಮತ್ತು ಹಣ ಕೊಟ್ಟು ಕೊಂಡ ಆ್ಯಪ್. ಅಡಾಪ್ಟರಿನ ಬೆಲೆ ಮೂರು ಸಾವಿರದಿಂದ ಹತ್ತು ಸಾವಿರದವರೆಗೂ ಇದೆ; ವಿಗೇಟ್, ಓಬಿಡಿಲಿಂಕ್ ಎಂಬ ಹೆಸರುಗಳು ಈ ಗುಂಪಿನವು. ಆ್ಯಪಿಗೆ ಕೆಲವು ನೂರು ರೂಪಾಯಿ. ಇಲ್ಲಿ ಫೋನ್ ಯಾವುದೆಂಬುದೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರುಗಳು ಆಂಡ್ರಾಯ್ಡಿಗೆ ಸಾಕು, ಐಫೋನಿಗೆ ಕಡಿಮೆ ಶಕ್ತಿಯ ಹೊಸ ಬ್ಲೂಟೂತೋ ವೈಫೈಯೋ ಬೇಕು. ವೈಫೈ ಆದರೆ ಅಡಾಪ್ಟರಿಗೆ ಕೂಡಿಕೊಂಡಿರುವಷ್ಟು ಹೊತ್ತು ಫೋನಿನ ಇಂಟರ್ನೆಟ್ ಕೈಕೊಡುವುದೂ ಉಂಟು. ಭಾವನದು ಆಂಡ್ರಾಯ್ಡ್ ಆಗಿದ್ದರಿಂದ ಈ ತಲೆನೋವು ನಮಗೆ ಬರಲಿಲ್ಲ.

ಆಯ್ಕೆಗೆ ನಾವು ಇಟ್ಟುಕೊಂಡ ಪ್ರಶ್ನೆ ಒಂದೇ: ಆಕ್ಸಿಜನ್ ಸೆನ್ಸರ್ ತೂಗುವುದನ್ನು ತೂಗುತ್ತಿರುವಂತೆಯೇ ತೋರಿಸಬಲ್ಲದ್ದು ಯಾವುದು? ಜಾಹೀರಾತಿನಲ್ಲಿ ಎಷ್ಟು ಸಾವಿರ ಕೋಡ್ ಓದುತ್ತದೆ, ಎಷ್ಟು ದೇಶಗಳ ಕಾರು, ಎಷ್ಟು ಭಾಷೆ ಎಂದೆಲ್ಲ ಇರುತ್ತದೆ (ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಮಲಯಾಳವೂ ಇರಲಿಲ್ಲ ಎಂಬುದು ಬೇರೆ ಮಾತು). ಸೆಕೆಂಡಿಗೆ ಎಷ್ಟು ಉತ್ತರ ತರುತ್ತದೆ ಎಂಬುದನ್ನು ಬರೆದವರು ಬಹಳ ವಿರಳ. ಮುಳ್ಳೇರಿಯದ ಒಬ್ಬ ಪರಿಚಿತರ ಬಳಿ ನಡುಗುಂಪಿನ ಒಂದು ಅಡಾಪ್ಟರ್ ಇತ್ತು. ಅದನ್ನು ಒಂದು ಭಾನುವಾರ ಎರವಲು ತಂದು, ನಾಲ್ಕು ಅಂಕಿಗಳನ್ನು ಇಟ್ಟುಕೊಂಡು ಎಣಿಸಿದಾಗ ಸೆಕೆಂಡಿಗೆ ಇಪ್ಪತ್ತರ ಹತ್ತಿರ ಬಂತು. ಅದೇ ಮಾದರಿಯನ್ನು 3,900 ರೂಪಾಯಿಗೆ ತರಿಸಿದೆವು. ಆ್ಯಪಿಗೆ 450.

ಲೈವ್ ಡೇಟಾ ಹೇಳಿದ ಕಥೆ

ಹೊಸ ಅಡಾಪ್ಟರಿನಲ್ಲಿ ಮೊದಲು ಓದಿದ್ದು ನಾವು ಅಳಿಸದೆ ಉಳಿಸಿಕೊಂಡಿದ್ದ ಫ್ರೀಜ್ ಫ್ರೇಮನ್ನು. ಎಂಜಿನ್ ಬಿಸಿ 91 ಡಿಗ್ರಿ, ಕಾರಿನ ವೇಗ ಸೊನ್ನೆ, ಎಂಜಿನಿನ ಸುತ್ತು ನಿಮಿಷಕ್ಕೆ 740. ಎಂದರೆ ಕಾರು ಬಿಸಿಯಾಗಿ, ಎಲ್ಲೋ ನಿಂತು, ಆಕ್ಸಿಲರೇಟರ್ ತುಳಿಯದೆ ಐಡ್ಲಿಂಗಿನಲ್ಲಿದ್ದಾಗ ಕೋಡ್ ಬಿದ್ದಿತ್ತು. ದೀರ್ಘಾವಧಿಯ ಫ್ಯೂಯೆಲ್ ಟ್ರಿಮ್ +21.1, ತಾತ್ಕಾಲಿಕ ಟ್ರಿಮ್ +6.3. ಟ್ರಿಮ್ ಎಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕೆ ಮಾಡಿಕೊಳ್ಳುವ ಶೇಕಡಾವಾರು ತಿದ್ದುಪಡಿ. ಈ ಎರಡನ್ನೂ ಕೂಡಿಸಿದರೆ ಇಸಿಯು ಕಾಲು ಭಾಗಕ್ಕಿಂತ ಹೆಚ್ಚು ಇಂಧನವನ್ನು ಮೇಲಿನಿಂದ ಸುರಿಯುತ್ತಿತ್ತು. ಪೆಟ್ರೋಲ್ ಖರ್ಚಿನ ರಹಸ್ಯ ಅಲ್ಲಿಯೇ ಬಿಚ್ಚಿಕೊಂಡಿತು. (ಈ ಸಂಖ್ಯೆ ಒಂದೇ ಬೈಟಿನಲ್ಲಿ ಬರುವುದರಿಂದ ಅದು ಸುಮಾರು 0.78ರ ಮೆಟ್ಟಿಲುಗಳಲ್ಲಿ ಮಾತ್ರ ಏರಿಳಿಯುತ್ತದೆ. ಆ್ಯಪ್ ಎರಡು ದಶಮಾಂಶ ತೋರಿಸಿದರೆ ಅಷ್ಟು ಸೂಕ್ಷ್ಮವಾಗಿ ಅಳೆದಿದೆ ಎಂದು ತಿಳಿಯಬಾರದು.)

ಬಳಿಕ ಅಂಗಳದಲ್ಲಿ ಎಂಜಿನ್ ಬಿಸಿ ಮಾಡಿ ಸುತ್ತನ್ನು 2,500ಕ್ಕೆ ಏರಿಸಿ ಹಿಡಿದೆವು. ದೀರ್ಘಾವಧಿಯ ಟ್ರಿಮ್ +5.5ಕ್ಕೆ ಇಳಿಯಿತು. ಕಾಲು ತೆಗೆದು ಐಡ್ಲಿಂಗಿಗೆ ಬಿಟ್ಟಾಗ ಮತ್ತೆ 20ರ ಮೇಲಕ್ಕೆ. ಪಂಪಿನದೋ ಫಿಲ್ಟರಿನದೋ ತೊಂದರೆಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಇಂಧನದ ಬೇಡಿಕೆ ಹೆಚ್ಚಿದಾಗ ಕೊರತೆಯೂ ಹೆಚ್ಚಬೇಕು, ಟ್ರಿಮ್ ಏರಬೇಕು. ಖಚಿತಪಡಿಸಿಕೊಳ್ಳಲು ರಸ್ತೆಯ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದು ನೋಡಿದಾಗ ಸೆನ್ಸರ್ 0.85 ವೋಲ್ಟಿನಲ್ಲಿ ಗಟ್ಟಿಯಾಗಿ ನಿಂತಿತು. ಇಂಧನ ಸಾಕಷ್ಟು ಬರುತ್ತಿದೆ. ಅದೇ ಓಟದಲ್ಲಿ ಕಾಲನ್ನು ಪಟ್ಟನೆ ತೆಗೆದಾಗ ಸೆನ್ಸರ್ 0.05ಕ್ಕೆ ಇಳಿಯಿತು, ಮತ್ತೆ ತುಳಿದಾಗ ಏರಿತು. 2,500 ಸುತ್ತಿನಲ್ಲಿ ಅದರ ಗೆರೆ ಅಚ್ಚುಕಟ್ಟಾಗಿ ತೂಗುತ್ತಿತ್ತು. 4,500 ರೂಪಾಯಿಯ ಸೆನ್ಸರ್ ಜೀವಂತವಾಗಿದೆ ಎಂಬುದಕ್ಕೆ ಇನ್ನೇನು ಬೇಕು?

ಐಡ್ಲಿಂಗಿನಲ್ಲಿ ಹೆಚ್ಚು, ಸುತ್ತು ಏರಿದಾಗ ಕಡಿಮೆ ಎಂಬ ಈ ಲಕ್ಷಣಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ವ್ಯಾಕ್ಯೂಮ್ ಸೋರಿಕೆ: ಗಾಳಿ ಒಳಬರುವ ದಾರಿಯಾದ ಇನ್‌ಟೇಕಿನ ಯಾವುದೋ ರಬ್ಬರ್ ಕೊಳವೆ ಬಿರಿದು, ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಬರುತ್ತಿದೆ ಎಂದು. ಇಲಿಗಳ ಉಪದ್ರವವಿರುವ ತೋಟದ ಮನೆಯಲ್ಲಿ ಇದು ನಂಬುವಂತಹ ಮಾತೇ. ಭಾವ ಅರ್ಧ ದಿನ ಎಲ್ಲ ಕೊಳವೆಗಳನ್ನೂ ತಡವಿ ನೋಡಿದರು. ಏನೂ ಸಿಗಲಿಲ್ಲ. ನಾವು ಎಡವಿದ ಎರಡನೆಯ ಜಾಗ ಇದು. ಆ ವಿವರಣೆಯು ಒಳಬರುವ ಗಾಳಿಯ ರಾಶಿಯನ್ನು ಬಾಗಿಲಲ್ಲಿಯೇ ಅಳೆಯುವ ಎಂಎಎಫ್ ಸೆನ್ಸರಿನ ಕಾರುಗಳಿಗೆ ಹೇಳಿದ್ದು. ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಬಹಳಷ್ಟಕ್ಕೆ ಎಂಎಎಫ್ ಇಲ್ಲ. ಅವು ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಅಳೆಯುವ ಮ್ಯಾಪ್ ಸೆನ್ಸರಿನಿಂದ ಗಾಳಿಯನ್ನು ಲೆಕ್ಕ ಹಾಕುತ್ತವೆ. ಅಂತಹ ಎಂಜಿನಿನಲ್ಲಿ ಕದ್ದು ಬಂದ ಗಾಳಿಯೂ ಒತ್ತಡವನ್ನು ಏರಿಸುವುದರಿಂದ ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ, ಅದಕ್ಕೆ ತಕ್ಕ ಇಂಧನವೂ ಬೀಳುತ್ತದೆ; ಟ್ರಿಮ್ ಅಷ್ಟಾಗಿ ಕದಲದೆ ಐಡ್ಲಿಂಗ್ ಸುತ್ತು ಮೇಲೇರುತ್ತದೆ. ನಮ್ಮ ಕಾರಿನಲ್ಲಿ ಸುತ್ತು 740ರಲ್ಲೇ ಇತ್ತು. ಕೀ ಹಾಕಿ ಎಂಜಿನ್ ಚಾಲೂ ಮಾಡದೆ ಇದ್ದಾಗ ಮ್ಯಾಪ್ 99 ಕಿಲೋಪಾಸ್ಕಲ್, ಎಂದರೆ ಹೊರಗಿನ ವಾಯುಭಾರವೇ, ಐಡ್ಲಿಂಗಿನಲ್ಲಿ 33. ಎರಡೂ ಸರಿಯಾದ ಅಂಕಿಗಳು. ಇನ್‌ಟೇಕಿನ ಬದಿಯಲ್ಲಿ ಹುಡುಕುವುದಕ್ಕೆ ಏನೂ ಇರಲಿಲ್ಲ.

ಉಳಿದದ್ದು ಹೊಗೆಯ ಬದಿ. ಸೆನ್ಸರಿಗಿಂತ ಮೊದಲು ಎಕ್ಸಾಸ್ಟಿನಲ್ಲಿ ಒಂದು ಸಣ್ಣ ಬಿರುಕಿದ್ದರೆ, ಐಡ್ಲಿಂಗಿನಲ್ಲಿ ಹೊಗೆ ಮಿಡಿಮಿಡಿದು ಹೊರಡುವಾಗ ಎರಡು ಮಿಡಿತಗಳ ನಡುವೆ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು ಆ ಬಿರುಕಿನಿಂದ ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಇಂಧನ ಕಡಿಮೆ ಎಂದು ಕೂಗುತ್ತದೆ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ಅದರ ಮೂಗಿನ ಬಳಿ ನಿಜವಾಗಿಯೂ ಆಮ್ಲಜನಕವಿದೆ, ಆದರೆ ಅದು ಸಿಲಿಂಡರಿನಿಂದ ಬಂದದ್ದಲ್ಲ. ಸುತ್ತು ಏರಿದಂತೆ ಹೊಗೆಯ ಪ್ರವಾಹ ದಟ್ಟವಾಗಿ ಈ ಎಳೆತದ ಪಾಲು ಕುಗ್ಗುತ್ತದೆ, ಟ್ರಿಮ್ ಇಳಿಯುತ್ತದೆ. ನಮ್ಮ ಅಂಕಿಗಳಿಗೆ ಇದು ಕೂದಲೆಳೆಯಷ್ಟೂ ಬಿಡದೆ ಹೊಂದಿತು. ಬೆಳಿಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಒಂದು ನಿಮಿಷ ಟಿಕ್ ಟಿಕ್ ಎಂದು ಕೇಳಿಸುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ ಎಂದು ಅಕ್ಕ ಆಗ ಹೇಳಿದಳು. ಮೂರು ತಿಂಗಳಿನಿಂದ ಅವಳಿಗೆ ಅದು ಕೇಳಿಸುತ್ತಿತ್ತು; ಯಾರೂ ಅವಳನ್ನು ಕೇಳಿರಲಿಲ್ಲ.

ಪತ್ತೆ ಮಾಡಿದ ರೀತಿ ತೋಟದವರದ್ದು. ಎಂಜಿನ್ ಪೂರ್ತಿ ತಣಿದಿದ್ದಾಗ, ತರಗೆಲೆ ಊದುವ ಬ್ಲೋವರಿನ ಬಾಯಿಗೆ ಗೋಣಿ ಸುತ್ತಿ ಸೈಲೆನ್ಸರಿಗೆ ಹಿಡಿದು ಗಾಳಿ ಊದಿ, ಮುಂದೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಜೋಡಣೆಗಳಿಗೆ ಸಾಬೂನಿನ ನೀರು ಚಿಮುಕಿಸಿದೆವು. ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್ಡಿಗೆ ಕೂಡುವಲ್ಲಿ, ಬಲತುದಿಯಲ್ಲಿ, ಗುಳ್ಳೆಗಳು ಬುಳುಬುಳು ಎದ್ದವು. ಅಲ್ಲಿ ಒರೆಸಿದ ಬಟ್ಟೆಗೆ ಮಸಿ. ಅದನ್ನು ಬಿಗಿದಿಡುವ ಒಂದು ಸ್ಟಡ್ (ತಿರುಪಿನ ಕಡ್ಡಿ) ತುಕ್ಕು ಹಿಡಿದು ತುಂಡಾಗಿತ್ತು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಬಿಸಿ ಕಬ್ಬಿಣ ದಿನವೂ ಕೆಸರು ನೀರಿನಲ್ಲಿ ಮಿಂದು ಬರುವಾಗ ಇದರಲ್ಲಿ ಆಶ್ಚರ್ಯವಿಲ್ಲ.

ಮುರಿದ ಸ್ಟಡ್ ತೆಗೆಯುವ ಕೆಲಸಕ್ಕೆ ನಾವು ಕೈ ಹಾಕಲಿಲ್ಲ. ಅಲ್ಯುಮಿನಿಯಂ ಹೆಡ್ಡಿನ ತಿರುಪು ಹಾಳಾದರೆ ನೂರರಲ್ಲಿ ಮುಗಿಯಬೇಕಾದದ್ದು ಸಾವಿರಗಳಿಗೆ ಏರುತ್ತದೆ. ಬದಿಯಡ್ಕದ ಒಬ್ಬ ಮೇಸ್ತ್ರಿ ಗ್ಯಾಸ್ಕೆಟ್, ಸ್ಟಡ್, ಕೂಲಿ ಸೇರಿ 1,150 ರೂಪಾಯಿಗೆ ಮುಗಿಸಿಕೊಟ್ಟರು. ಆ ಮೇಲೆ ಕೋಡ್ ಅಳಿಸಿದೆವು. ಎರಡು ವಾರ ಓಡಿಸಿದ ಬಳಿಕ ಐಡ್ಲಿಂಗಿನ ಟ್ರಿಮ್ +3.1, 2,500 ಸುತ್ತಿನಲ್ಲಿ +3.9. ಇದು ಸೊನ್ನೆಗೆ ಬಾರದ್ದಕ್ಕೆ ಭಾವ ಸ್ವಲ್ಪ ಚಿಂತೆ ಮಾಡಿದರು. ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ಗಾಳಿ 14.7 ಭಾಗ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಎಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಳೆಯ ಪೆಟ್ರೋಲಿಗೆ ಲೆಕ್ಕ ಹಾಕಿಟ್ಟ ಇಸಿಯು ಮೂರು ನಾಲ್ಕರಷ್ಟು ಮೇಲೆ ಕೂರುವುದು ಸಹಜ.

ಜೀಪಿನ ಪಾಲಿಗೆ ಬಂದದ್ದು

ಜೀಪು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಅದಕ್ಕೆ ಸಲ್ಲುವ ಸ್ಕ್ಯಾನರ್ ಹುಡುಕುವುದನ್ನು ಬಿಟ್ಟು 650 ರೂಪಾಯಿಯ ಮಲ್ಟಿಮೀಟರ್ ತಂದೆವು. ನಿಂತಾಗ ಬ್ಯಾಟರಿ 12.6 ವೋಲ್ಟ್, ಓಡುವಾಗ 14.1, ಬ್ಯಾಟರಿಯೂ ಆಲ್ಟರ್ನೇಟರೂ ಸರಿ. ಆದರೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನಿನ ಮೈಗೂ ಹಿಡಿದು ಸ್ಟಾರ್ಟ್ ಮಾಡಿದಾಗ 0.9 ವೋಲ್ಟ್ ತೋರಿಸಿತು. ಅಲ್ಲಿ 0.2ರ ಒಳಗಿರಬೇಕು. ಭೂಸಂಪರ್ಕದ ಪಟ್ಟಿ ಹಸಿರುಗಟ್ಟಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಮೇಲೆ ಜೀಪು ಒಂದೇ ತಿರುವಿಗೆ ಎದ್ದಿತು.

ಲೆಕ್ಕ ಮತ್ತು ಮಿತಿ

ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಉಪಕರಣಗಳಿಗೆ 480, 3,900, 450, 650, ಒಟ್ಟು 5,480 ರೂಪಾಯಿ ಹೋಯಿತು. ಬೇಡದ ಸೆನ್ಸರಿಗೆ ಹೋಗುತ್ತಿದ್ದದ್ದು 4,500. ಉಳಿತಾಯಕ್ಕೆಂದು ಕೊಂಡದ್ದಾದರೆ ಮೊದಲ ವರ್ಷದಲ್ಲಿ ಇದು ನಷ್ಟದ ವ್ಯಾಪಾರವೇ. ಆದರೆ ಸೆನ್ಸರ್ ಹಾಕಿಸಿದ ಮೇಲೂ ದೀಪ ಹೊತ್ತಿಯೇ ಹೊತ್ತುತ್ತಿತ್ತು ಎಂಬುದನ್ನೂ ಆ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಸೇರಿಸಬೇಕು.

ಅಡಾಪ್ಟರನ್ನು ಸಾಕೆಟಿನಲ್ಲಿಯೇ ಬಿಡುವ ಅಭ್ಯಾಸವನ್ನು ನಾವು ಮಾಡಿಕೊಳ್ಳಲಿಲ್ಲ. 16ನೆಯ ಗುಳಿಯಲ್ಲಿ ಕೀ ತೆಗೆದರೂ ವಿದ್ಯುತ್ ಇರುತ್ತದೆ. 50 ಮಿಲಿಆಂಪಿಯರ್ ಎಳೆಯುವ ಅಡಾಪ್ಟರ್ ದಿನಕ್ಕೆ 1.2 ಆಂಪಿಯರ್-ಗಂಟೆ ತಿಂದರೆ, 35ರ ಸಣ್ಣ ಬ್ಯಾಟರಿ ಹದಿನೈದು ದಿನಗಳಲ್ಲಿ ಅರ್ಧ ಬರಿದಾಗುತ್ತದೆ. ಗಂಡ ಗಲ್ಫಿನಲ್ಲಿದ್ದು ಕಾರು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಲ್ಲಿ ಇದು ಸಣ್ಣ ವಿಷಯವಲ್ಲ. ಅಲ್ಲದೆ ಅಗ್ಗದ ಅಡಾಪ್ಟರುಗಳ ಗುಪ್ತಸಂಖ್ಯೆ ಸಾಮಾನ್ಯವಾಗಿ 1234 ಅಥವಾ 0000; ಪಕ್ಕದಲ್ಲಿ ನಿಂತ ಯಾರ ಫೋನಿಗೂ ಅದು ತೆರೆದ ಬಾಗಿಲು.

ನವೆಂಬರಿನಲ್ಲಿ ಅದೇ ಕಾರಿನಲ್ಲಿ ಎಬಿಎಸ್ ದೀಪ ಹೊತ್ತಿತು. ನಮ್ಮ ಅಡಾಪ್ಟರ್ ಯಾವ ಕೋಡೂ ಇಲ್ಲ ಎಂದಿತು. ಹೊಗೆಗೆ ಸಂಬಂಧಿಸಿದ ಭಾಗಗಳನ್ನು ಮಾತ್ರ ಎಲ್ಲರಿಗೂ ತೆರೆದಿಡಬೇಕೆಂಬುದು ಓಬಿಡಿ-2ರ ನಿಯಮ. ಬ್ರೇಕಿನ ಮಾಡ್ಯೂಲ್ ಆ ನಿಯಮದ ಹೊರಗಿದೆ, ನಮ್ಮ ಆ್ಯಪಿಗೆ ಈ ಕಾರಿನ ಎಬಿಎಸ್ ಭಾಷೆ ತಿಳಿದಿರಲಿಲ್ಲ. ಟ್ಯಾಬ್ಲೆಟನ್ನೇ ಕೊಳ್ಳಬೇಕಿತ್ತಲ್ಲವೇ ಎಂದು ಭಾವನ ಮಗ ಫೋನಿನಲ್ಲಿ ಕೇಳಿದ. ಕುಂಬಳೆಯ ಒಂದು ವರ್ಕ್‌ಶಾಪಿನಲ್ಲಿ ಪೂರ್ಣ ಸ್ಕ್ಯಾನಿಗೆ 500 ರೂಪಾಯಿ; 38,000ಕ್ಕೆ ಅಂತಹ 76 ಸ್ಕ್ಯಾನ್ ಆಗುತ್ತದೆ ಎಂದು ಭಾವ ಲೆಕ್ಕ ಹೇಳಿದರು. ಆರು ಮನೆಯವರು ಸೇರಿ ಒಂದು ಟ್ಯಾಬ್ಲೆಟ್ ಕೊಳ್ಳುವ ಮಾತೂ ಬಂದಿತ್ತು. ಕೂಡಿ ಕೊಂಡ ಮದ್ದಿನ ಪಂಪು ಮಳೆಗಾಲದಲ್ಲಿ ಎಲ್ಲರಿಗೂ ಒಂದೇ ದಿನ ಬೇಕಾಗುವುದನ್ನು ನೋಡಿದ ನಾನು ಅದಕ್ಕೆ ಹೂಂ ಎನ್ನಲಿಲ್ಲ.

ಕುಂಬಳೆಯಲ್ಲಿ ಸ್ಕ್ಯಾನ್ ಮಾಡಿದವರು ಹಿಂದಿನ ಎಡಚಕ್ರದ ವೇಗದ ಸೆನ್ಸರ್ ಉತ್ತರಿಸುತ್ತಿಲ್ಲ ಎಂದರು. ಈ ಸಲ ಸೆನ್ಸರ್ ಬದಲಾಯಿಸುವ ಮಾತಿಗೆ ಮೊದಲೇ ಭಾವ ಕಾರನ್ನು ಮನೆಗೆ ತಂದು, ಜಾಕಿ ಹಾಕಿ, ಮಲ್ಟಿಮೀಟರ್ ಹಿಡಿದು ಚಕ್ರದ ಹಿಂದೆ ಕುಳಿತರು. ತಂತಿ ಎರಡು ಬೆರಳಿನಷ್ಟು ಉದ್ದಕ್ಕೆ ಇಲ್ಲವಾಗಿತ್ತು. ಉಳಿದ ತುದಿಯಲ್ಲಿ ಇಲಿಯ ಹಲ್ಲಿನ ಗುರುತು.